ಒಂಬತ್ತಾದ ಮೇಲೆ

ಕೊವೆಂಟ್ರಿ
14 ಮಾರ್ಚ್ 2014

ಪ್ರೀತಿಯ ದಿವಾಕರ ಮಾವನಿಗೆ ನಮಸ್ಕಾರ.

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲವೆಂದು ಬರೆಯುತ್ತಿದ್ದೇನೆ. ಕಾಕನಕೋಟೆ ಕಾಡಿನಲ್ಲಿ ಸಿನಿಮಾ ತೆಗೆದು ನಿಮ್ಮನ್ನು ಹುಲಿಯ ಬಾಯಿಗೆ ಹಾಕಿದ ಇಟಲಿಯ ಡೈರೆಕ್ಟರ್ ಒರೆಸ್ತೆ, ನಾನು ನರ್ಸ್ ಆಗಿರುವ ಕೇರ್ ಹೋಮಿನಲ್ಲೇ ಇದ್ದಾರೆ. ಅವರ ಗೋಡೆಯ ಫೋಟೋದಲ್ಲಿ ನೀವಿದ್ದೀರಿ, ಪಕ್ಕದಲ್ಲಿ ಹತ್ತಿ ತುಂಬಿದ ಹುಲಿ. ಸುಳ್ಳು ಇಂಗ್ಲಿಷ್ ಹೆಸರಿಟ್ಟುಕೊಂಡು ನಲವತ್ತು ಅಗ್ಗದ ಸಿನಿಮಾ ಮಾಡಿದವರನ್ನು ನೋಡಲು ಈಗ ಯಾರೂ ಬರುವುದಿಲ್ಲ.

ಸ್ಟ್ರೋಕ್ ಆದ ಮೇಲೆ ಅವರಿಗೆ ಇಟಾಲಿಯನ್ನೂ ಇಂಗ್ಲಿಷೂ ಹೋಗಿವೆ. ಉಳಿದಿರುವುದು ಕನ್ನಡದ ಎಣಿಕೆ ಮಾತ್ರ. ನೀವೇ ಹೇಳುತ್ತಿದ್ದಿರಲ್ಲ, "ಡಬ್ಬಿಂಗ್ ಆಮೇಲೆ ಮಾಡ್ಕೋತಿದ್ರು ಕಣೇ. ಡೈಲಾಗ್ ಬದ್ಲು ನಾನು ಒಂದು, ಎರಡು ಅಂತ ಎಣಿಸ್ತಿದ್ದೆ. ಹತ್ತು ಅಂದ ತಕ್ಷಣ ಸಾಯ್ಬೇಕು" ಅಂತ. ಆಗ ನಾವೆಲ್ಲ ನಕ್ಕಿದ್ದೆವು.

ಅವರು ಒಂಬತ್ತರವರೆಗೆ ಹೇಳಿ, ಕೈಯೆತ್ತಿ, ನನ್ನ ಮುಖ ನೋಡುತ್ತಾರೆ. ಹದಿಮೂರು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಆದರೂ ಆ ಒಂದು ಸಂಖ್ಯೆ ನನ್ನ ಬಾಯಿಂದ ಹೊರಡುತ್ತಿಲ್ಲ. ಊಟ ಬಿಟ್ಟಿದ್ದಾರೆ. ಹೆಚ್ಚೆಂದರೆ ಮೂರು ವಾರ ಅನ್ನುತ್ತಾರೆ ಡಾಕ್ಟರು.

ಅತ್ತೆಯ ಮೊಬೈಲಿನಲ್ಲಿ ನಿಮ್ಮ ದನಿ ರೆಕಾರ್ಡ್ ಮಾಡಿಸಿ ಬೇಗ ಕಳಿಸಿ, ಮಾವ. ಒಂಬತ್ತಾದ ಮೇಲೆ ಮತ್ತೆ ಒಂದರಿಂದಲೇ ಶುರು ಮಾಡಿ.

ನಿಮ್ಮ ಸೋದರಸೊಸೆ,
ಯಾಮಿನಿ