ಕಲೆಯಿಲ್ಲದ ಎಡಗೈ

ಮಾರ್ಚ್ ೧೪, ಗುರುವಾರ

ಎಡಗೈ ನೋಯುತ್ತಲೇ ಇಲ್ಲ. ನಂಬಿಕೆಯಾಗದೆ ಸಂಜೆಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡೆ.

ನಮ್ಮ ಪುಟ್ಟ ಕಾಲೇಜಿನಲ್ಲಿ ರಕ್ತ ತೆಗೆಯುವುದನ್ನು ಕಲಿಸುವ ನನ್ನ ನರವೇ ಯಾರಿಗೂ ಸಿಗುವುದಿಲ್ಲ. ಪ್ರತಿ ಬ್ಯಾಚೂ ನನ್ನ ತೋಳು ನೀಲಿ ಮಾಡಿಯೇ ಪಾಸಾಗುತ್ತದೆ. ಇವತ್ತು ಪರೀಕ್ಷೆಗೆ ನಿಂತವಳು ಹೊಲಿಗೆ ಕೆಲಸ ಬಿಟ್ಟು ಕಲಿಯಲು ಬಂದ, ಎಲ್ಲರೂ ಟೈಲರಮ್ಮ ಎನ್ನುವ ಹುಡುಗಿ, ಮೊದಲ ದಿನ ರಕ್ತ ಕಂಡು ದೊಪ್ಪೆಂದು ಬಿದ್ದಿದ್ದವಳು.

"ಮೇಡಂ, ನಿಮ್ಮ ಕೈ ಮಾತ್ರ ಬೇಡ."

"ಕಣ್ಣಲ್ಲಿ ಹುಡುಕ್ಬೇಡಮ್ಮ, ಬೆರಳಿಗೆ ಸಿಗುತ್ತೆ."

ಕಣ್ಣು ಮುಚ್ಚಿ, ಬಟ್ಟೆಯೊಳಗಿನ ಹೊಲಿಗೆ ತಡವುವ ಹಾಗೆ ತಡವಿದಳು. ಆಮೇಲೆ ಕಣ್ಣು ತೆರೆದು ಒಂದೇ ಚುಚ್ಚು! ಟ್ಯೂಬು ತುಂಬಿತು. ಸೂಜಿ ತೆಗೆದು, ಹತ್ತಿ ಒತ್ತಿದ ಮೇಲೆಯೇ ಅವಳು ಅತ್ತದ್ದು.

"ಇವತ್ತೆಷ್ಟು ಕಡೆ ಚುಚ್ಚಿದ್ರು?" ಎಂದು ರಾತ್ರಿ ಮನೆಯಲ್ಲಿ ಯಜಮಾನರು ಕೇಳಿದರು.

"ನೀವೇ ಹುಡುಕಿ" ಎಂದು ತೋಳು ಚಾಚಿದೆ.

ಕನ್ನಡಕ ಹಾಕಿಕೊಂಡು, ದೀಪದ ಕೆಳಗೆ ಎಳೆದುಕೊಂಡು, ಇನ್ನೂ ಹುಡುಕುತ್ತಲೇ ಇದ್ದಾರೆ. ಬಲಗೈ ಖಾಲಿಯಿತ್ತು, ಬರೆಯುತ್ತಿದ್ದೇನೆ.