ನಡುವಟ್ಟದ ಏರಿನಲ್ಲಿ ಕುಡಿದ ಪೆಟ್ರೋಲು

ದೇವಾಲ
೯ ನವೆಂಬರ್ ೧೯೩೧

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಹಾದೇವಪ್ಪನವರಿಗೆ ಲಾರಿ ಡ್ರೈವರ್ ಜೋಗಿಯ ನಮಸ್ಕಾರ.

ಹೊಸ ಲಾರಿ ಗ್ಯಾಲನ್ನಿಗೆ ಹದಿನಾಲ್ಕು ಮೈಲಿ ಓಡುತ್ತದೆಂದು ಕಂಪನಿಯ ಕಾಗದದಲ್ಲಿದೆ, ಜೋಗಿಯ ಕೈಯಲ್ಲಿ ಎಂಟೇ ಯಾಕೆ ಎಂದು ದೊರೆ ಕೇಳಿದರಂತೆ. ನಾನು ಪೆಟ್ರೋಲು ಕದ್ದು ಮಾರಿಲ್ಲ. ಟ್ಯಾಂಕೂ ಸೋರುವುದಿಲ್ಲ. ಗೂಡಲೂರು ದಾಟಿ ನಡುವಟ್ಟದ ಏರು ಹತ್ತುವಾಗ ಮೂರು ಮೈಲಿ ಫಸ್ಟ್ ಗೇರಿನಲ್ಲೇ ಹೋಗುತ್ತೇನೆ. ಅದಕ್ಕೇ ಅಷ್ಟು ಕುಡಿಯುತ್ತದೆ.

ಮುಂದೆ ಎತ್ತಿನ ಗಾಡಿ ಇರುತ್ತದೆ. ಭಾರ ಎಳೆದು ಏರು ಹತ್ತುವ ಎತ್ತನ್ನು ನಿಲ್ಲಿಸಬಾರದು, ಬದಿಗೆ ಸರಿಸಲೂಬಾರದು. ಘಾಟಿಯ ಈ ರೂಢಿ ನಿಮಗೂ ಗೊತ್ತು.

ಗಾಡಿ ಯಾರದೆಂದು ಕೇಳುತ್ತೀರಿ. ಲಾರಿ ಬರುವ ಮುಂಚೆ ನಮ್ಮ ಟೀ ಪೆಟ್ಟಿಗೆ ಸಾಗಿಸುತ್ತಿದ್ದ ಬೆಳ್ಳಣ್ಣನದು. ಹೌದು, ಆಡಿ ತಿಂಗಳಲ್ಲಿ, ಅದೇ ಆಷಾಢದಲ್ಲಿ, ಎತ್ತುಗಳ ಸಮೇತ ಕಮರಿಗೆ ಬಿದ್ದು ಸತ್ತನಲ್ಲ, ಅವನದೇ. ಮಂಜಿನಲ್ಲಿ ದಾರಿ ಕಾಣದೆ ಬಿದ್ದನೆಂದು ಪೊಲೀಸರಿಗೆ ಹೇಳಿದವನು ನಾನು. ಅವತ್ತು ಮಂಜು ಇರಲಿಲ್ಲ.

ನನ್ನನ್ನು ಕೆಲಸದಿಂದ ತೆಗೆದರೂ ಸರಿಯೇ. ಆದರೆ ಇನ್ನು ಯಾರು ಓಡಿಸುವುದಾದರೂ, ಮೊದಲು ಆ ಲಾರಿಯ ಹಾರನ್ ಬಿಚ್ಚಿಸಿಬಿಡಿ. ನಾನು ಒತ್ತಿದ್ದು ಒಂದೇ ಸಲ, ಅವತ್ತು. ಬೆಳ್ಳಣ್ಣ ತಿರುಗಿ ನೋಡಿ, ನನ್ನ ಗುರುತು ಹಿಡಿದು, ನಕ್ಕು, ಬದಿಗೆ ಸರಿದ.

ಇಂತಿ,
ಜೋಗಿ