ಗೋಡೆ ಬಿಟ್ಟು ಅಳೆದ ಮನೆ

ಹಳೆಯ ಮನೆಯ ಅಡುಗೆಕೋಣೆಯಿಂದ,
28 ಆಗಸ್ಟ್, ಗುರುವಾರ

ಪ್ರೀತಿಯ ಮಗನೇ,

ಅಮ್ಮನ ಆಶೀರ್ವಾದಗಳು. ನಿನ್ನ ಬೆನ್ನುನೋವು ಹೇಗಿದೆ? ಹಡಗಿನ ಇಂಜಿನ್ ಕೋಣೆಯ ಸೆಕೆಯಲ್ಲಿ ನೀರು ಕುಡಿಯುವುದನ್ನು ಮರೆಯಬೇಡ. ಹೋದ ತಿಂಗಳು ಕಳಿಸಿದ ಫೋಟೊದಲ್ಲಿ ನಿನ್ನ ಕೆನ್ನೆ ಒಳಗೆ ಹೋಗಿತ್ತು. ಬೆಳಕು ಸರಿಯಿಲ್ಲ, ಅದಕ್ಕೇ ಹಾಗೆ ಕಾಣುತ್ತದೆ ಎಂದು ನಿನ್ನ ಹೆಂಡತಿ ಸಮಾಧಾನ ಹೇಳಿದಳು. ನನಗೆ ಕನ್ನಡಕ ಮಾಡಿಕೊಟ್ಟವಳೇ ಅವಳು, ನನಗೇ ಕಣ್ಣು ಕಟ್ಟಲು ನೋಡುತ್ತಾಳೆ. ನನ್ನ ಮಂಡಿ ಹಾಗೇ ಇದೆ, ಕೂತರೆ ಏಳಲಾರದು, ಎದ್ದರೆ ಕೂರಲಾರದು. ನಿನ್ನ ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಮಾತು ಮಾತ್ರ ಒಂದೂ ಉದುರಿಲ್ಲ.

ಸುದ್ದಿ ಏನೆಂದರೆ, ಮನೆ ಮಾರಾಟವಾಯಿತು. ನಿನ್ನೆ ಮಧ್ಯಾಹ್ನ ನನ್ನ ಸಹಿಯನ್ನೂ ಹಾಕಿದೆ, ನೀನು ಬರೆದುಕೊಟ್ಟ ಅಧಿಕಾರಪತ್ರದ ಮೇಲೆ ನಿನ್ನ ಪರವಾಗಿಯೂ ಹಾಕಿದೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಸಮುದ್ರದ ನಡುವೆ ನಿನ್ನ ಫೋನು ಅರ್ಧ ಮಾತನ್ನು ನುಂಗಿಬಿಡುತ್ತದೆ. ಈ ವಿಷಯದಲ್ಲಿ ಒಂದು ಮಾತೂ ನುಂಗಿಹೋಗುವುದು ನನಗೆ ಇಷ್ಟವಿಲ್ಲ. ಅದಕ್ಕೇ ಬಂದರಿನ ಆಫೀಸಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ಕೂತು ಓದು.

ಹೊರಡುವ ದಿನ ಬಾಗಿಲಲ್ಲಿ ನಿಂತು ನೀನು ಹೇಳಿದ್ದು ನೆನಪಿದೆಯೇ? "ವಕೀಲರ ವಿಷಯ ನೀನೇ ನೋಡ್ಕೋ ಅಮ್ಮ, ಅವಳಿಗೆ ಇದೆಲ್ಲ ತಿಳಿಯೋಲ್ಲ." ನಿನ್ನ ಹೆಂಡತಿ ಒಳಗೆ ನಿನ್ನ ಚೀಲಕ್ಕೆ ಟವೆಲ್ಲು ತುರುಕುತ್ತಿದ್ದಳು. ಅವಳಿಗೆ ಕೇಳಿಸಿತ್ತು. ನಾನೂ ಹೂಂ ಎಂದಿದ್ದೆ, ಅದೂ ಕೇಳಿಸಿತ್ತು. ಆ ಹೂಂ ನೆನೆದರೆ ಈಗ ನಾಚಿಕೆಯಾಗುತ್ತದೆ. ಈ ಮಾರಾಟ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿದ್ದುದು ಅವಳಿಗೆ. ಔಷಧಿ ಅಂಗಡಿಯ ಪಕ್ಕದಲ್ಲಿ ನಾವು ಕೊಳ್ಳಬೇಕೆಂದಿರುವ ಆ ಚಿಕ್ಕ ಮನೆಯಲ್ಲಿ ನನ್ನ ಮಂಡಿಗೆ ಮೆಟ್ಟಿಲಿಲ್ಲ ಎನ್ನುವುದು ಸರಿ, ಆದರೆ ಅವಳ ಕಣ್ಣಿದ್ದುದು ರಸ್ತೆಗೆ ಬಾಗಿಲಿರುವ ಮುಂದಿನ ಕೋಣೆಯ ಮೇಲೆ. ಹದಿನಾಲ್ಕು ವರ್ಷ ಇನ್ನೊಬ್ಬರ ಅಂಗಡಿಯ ಹಿಂಬದಿಯಲ್ಲಿ ಕೂತು ಗಾಜು ಉಜ್ಜಿದವಳು, ಅಲ್ಲಿ ತನ್ನದೇ ಕನ್ನಡಕದ ಅಂಗಡಿ ಇಡಬೇಕೆಂದು ಆಸೆಪಟ್ಟಳು. ಆ ಮನೆಯವರು ಆಗಸ್ಟ್ ಮುಗಿಯುವವರೆಗೆ ಕಾಯುತ್ತೇವೆ, ಅಷ್ಟರೊಳಗೆ ನಿಮ್ಮದು ಮಾರಾಟವಾಗದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಖಡಾಖಂಡಿತವಾಗಿ ಹೇಳಿದ್ದರು.

ಇನ್ನು ವಕೀಲರ ಪುರಾಣ. ನೀನು ಗೊತ್ತುಮಾಡಿಕೊಟ್ಟವರು, ನಿನ್ನ ಗೆಳೆಯನ ಮಾವ, ಕೆಟ್ಟ ಮನುಷ್ಯರಲ್ಲ. ಆದರೆ ಏನು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. "ನೋಡೋಣಮ್ಮ, ಆಗುತ್ತೆ, ಆಗದೇ ಏನು." ಕೊಳ್ಳುವವರ ವಕೀಲರು ಅದೇ ಕಟ್ಟಡದಲ್ಲಿ, ಸರಿಯಾಗಿ ಇವರ ತಲೆಯ ಮೇಲಿನ ಮಹಡಿಯಲ್ಲಿ. ಅಲ್ಲಿ ಕುರ್ಚಿ ಎಳೆದರೆ ಇಲ್ಲಿ ಕೇಳಿಸುತ್ತದೆ. ಆದರೂ ಒಬ್ಬರಿಗೊಬ್ಬರು ಮಾತಿಲ್ಲ, ಏನಿದ್ದರೂ ರಿಜಿಸ್ಟರ್ಡ್ ಪೋಸ್ಟು. ಕೆಳಗಿನ ಕಾಗದ ಊರೆಲ್ಲ ಸುತ್ತಿ ನಾಲ್ಕನೆಯ ದಿನಕ್ಕೆ ಮೆಟ್ಟಿಲು ಹತ್ತುತ್ತಿತ್ತು. ಮೇಲಿನವರಿಗೆ ಇನ್ನೊಂದು ಚಾಳಿ. ಪ್ರತಿ ಸಲವೂ "ಒಂದೇ ಒಂದು ಸಂದೇಹ ಅಮ್ಮ" ಎಂದೇ ಶುರುಮಾಡುವುದು. ತೆರಿಗೆ ರಸೀದಿ ಕೊಟ್ಟರೆ ನಿಮ್ಮಪ್ಪನ ಮರಣಪತ್ರ, ಅದು ಕೊಟ್ಟರೆ ಅದರ ಇನ್ನೊಂದು ಪ್ರತಿ, ಅದೂ ಆದ ಮೇಲೆ ಹಿತ್ತಲ ಬಾಗಿಲು ಯಾವ ವರ್ಷ ಇಟ್ಟಿದ್ದು ಎಂದು ಕೇಳಿದರು. ಹನುಮಂತನ ಬಾಲದ ಹಾಗೆ ಬೆಳೆಯುತ್ತಲೇ ಹೋಯಿತು. ನಿನ್ನ ಮಗಳು ಅವರಿಗೆ 'ಒಂದೇ-ಒಂದು' ಎಂದು ಹೆಸರಿಟ್ಟಳು, ಈಗ ಮನೆಯಲ್ಲಿ ಎಲ್ಲರೂ ಹಾಗೇ ಕರೆಯುವುದು.

ನಾನು ಮೂರು ಸಲ ಹೋದೆ. ಹೋಗುವಾಗ ಹುಲಿ, ಬರುವಾಗ ಇಲಿ. ಮೂರನೆಯ ಸಲ ಆ ಒಂದೇ-ಒಂದು ವಕೀಲರು ಮನೆಯ ನಕ್ಷೆ ಬಿಡಿಸಿಟ್ಟುಕೊಂಡು, ಕಾಗದದಲ್ಲಿ ಮನೆ ಮೂವತ್ತಡಿ ಉದ್ದ ಇದೆ, ನಮ್ಮವರು ಅಳೆದರೆ ಮೂವತ್ತಮೂರು ಬರುತ್ತಿದೆ, "ಈ ಮೂರಡಿ ಯಾರದು?" ಎಂದರು. ನಿಮ್ಮಪ್ಪ ಪಕ್ಕದವರ ಜಾಗ ಕದ್ದು ಕಟ್ಟಿದರು ಎನ್ನುವ ಧ್ವನಿ. ಕೆಳಗೆ ಬಂದು ಕೇಳಿದರೆ ನಮ್ಮ ವಕೀಲರೂ, "ತಪ್ಪಾಗಿದೆ ಅಂತ ಒಪ್ಕೊಂಡು ಬೆಲೆ ಇಳಿಸಿ ಮುಗಿಸಿಬಿಡಿ" ಎಂದರು. ಮನೆಗೆ ಬಂದು ನಿಮ್ಮಪ್ಪ ಮಾಡಿದ ಬೀರುವಿಗೆ ಒರಗಿ ಕಣ್ಣೀರು ಹಾಕಿದೆ. ಅವರು ಹೋಗಿ ಒಂಬತ್ತು ವರ್ಷವಾದ ಮೇಲೆ ಅವರಿಗೆ ಕಳ್ಳ ಎನಿಸಿಕೊಳ್ಳುವ ಗತಿ ಬಂತಲ್ಲ ಎಂದು.

ಮಾರನೆಯ ಬೆಳಿಗ್ಗೆ ಸೊಸೆ ಅಂಗಡಿಗೆ ರಜ ಹೇಳಿ, ಟೇಪು ಹಿಡಿದು ಕೋಣೆ ಕೋಣೆ ಅಳೆದಳು. ನಾನು ಇನ್ನೊಂದು ತುದಿ ಹಿಡಿದುಕೊಂಡೆ. ಗೋಡೆಯಿಂದ ಗೋಡೆಗೆ ಒಳಗಡೆ ಒಂದೊಂದು ಕೋಣೆಯೂ ಸರಿಯಾಗಿ ಹತ್ತಡಿ. ಕಾಗದದ ಮೂವತ್ತು ಅಲ್ಲಿಗೆ ಮುಗಿಯಿತು. ಆಮೇಲೆ ಬಾಗಿಲಿನ ಹತ್ತಿರ ಗೋಡೆಯ ದಪ್ಪ ಹಿಡಿದಳು, ಮುಕ್ಕಾಲು ಅಡಿ. ಮೂರು ಕೋಣೆಗೆ ನಾಲ್ಕು ಗೋಡೆ, ಸೇರಿಸಿದರೆ ಮೂರಡಿ. ನಿಂತಲ್ಲೇ ನಕ್ಕುಬಿಟ್ಟಳು. "ಅತ್ತೆ, ಮಾವ ಬಡಗಿ ಅಲ್ವಾ, ಬೀರು ಅಳೆದ ಹಾಗೆ ಮನೆ ಅಳೆದಿದ್ದಾರೆ." ನಿಜ, ಕಂದ. ಬೀರು ಎಂದರೆ ಒಳಗೆ ಎಷ್ಟು ಹಿಡಿಸುತ್ತದೆ ಎನ್ನುವುದೇ ನಿಮ್ಮಪ್ಪನ ಅಳತೆ, ಹಲಗೆಯ ದಪ್ಪ ಕಟ್ಟಿಕೊಂಡು ಗಿರಾಕಿಗೆ ಏನಾಗಬೇಕು ಎನ್ನುತ್ತಿದ್ದರು. ಮನೆಯ ನಕ್ಷೆಯನ್ನೂ ತಾವೇ ಬರೆದು, ಗೋಡೆಗಳನ್ನೇ ಬಿಟ್ಟುಬಿಟ್ಟಿದ್ದಾರೆ. ನಲವತ್ತು ವರ್ಷ ಯಾರಿಗೂ ಹೊಳೆಯಲಿಲ್ಲ. ಕನ್ನಡಕದ ಫ್ರೇಮಿಗೆ ಗಾಜು ಕತ್ತರಿಸುವವರೂ ಒಳಗಿನ ಅಳತೆಯನ್ನೇ ಹಿಡಿಯುತ್ತಾರಂತೆ, ಅದಕ್ಕೇ ಇವಳಿಗೆ ಹೊಳೆಯಿತು. ಅದೇ ವಾರ ಸರ್ವೆಯವರನ್ನು ಕರೆಸಿ, ಗಡಿಕಲ್ಲಿನಿಂದ ಅಳೆಸಿ, ಯಾರ ಜಾಗವೂ ಒಂದಂಗುಲ ಒಳಗೆ ಬಂದಿಲ್ಲ ಎಂದು ಮೊಹರು ಹಾಕಿಸಿಕೊಂಡಳು.

ಆಮೇಲೆ ವಕೀಲರ ಸರದಿ. ಗಿರಾಕಿಯ ಕಣ್ಣಿನ ನಂಬರು ಬರೆದುಕೊಂಡರೆ ಅದನ್ನು ಗಟ್ಟಿಯಾಗಿ ಓದಿ ಹೇಳುವುದು ಅವಳ ಪದ್ಧತಿ. ಗಿರಾಕಿ ಹೌದು ಎಂದು ರುಜು ಹಾಕುವವರೆಗೆ ಗಾಜು ಮುಟ್ಟುವುದಿಲ್ಲ. ಆ ಪುಸ್ತಕವನ್ನೇ ತೆಗೆದುಕೊಂಡು ಹೊರಟಳು. ನಮ್ಮ ವಕೀಲರು ನೋಡೋಣ ಎಂದರು. ಅವಳು ಬರೆದುಕೊಂಡಳು, ಓದಿದಳು, "ಯಾವತ್ತು ನೋಡೋದು ಸರ್, ತಾರೀಕು ಹೇಳಿದ್ರೆ ಅದನ್ನೂ ಬರ್ಕೋತೀನಿ" ಎಂದಳು. ಪಾಪ, ತಬ್ಬಿಬ್ಬಾಗಿ ಸೋಮವಾರ ಎಂದರು. ರುಜುವನ್ನೂ ಹಾಕಿದರು. ಒಂದೇ-ಒಂದು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. "ನನ್ನ ಹತ್ರನೇ ರುಜು ಕೇಳ್ತೀರಾ?" ಎಂದು ಹುಬ್ಬೇರಿಸಿದರು. ಇವಳು ತಗ್ಗಿದ ದನಿಯಲ್ಲೇ, "ನಾನು ಹೆಚ್ಚು ಓದಿದವಳಲ್ಲ ಸರ್, ತಪ್ಪು ಬರ್ಕೊಂಡ್ರೆ ನಾಳೆ ನಿಮಗೇ ತೊಂದರೆ" ಎಂದಳು. ಅವರು ಪುಸ್ತಕ ಎಳೆದುಕೊಂಡು ರುಜು ಹಾಕಿದರು. ಎರಡು ವಾರದಲ್ಲಿ ಅವಳ ಪುಸ್ತಕದಲ್ಲಿ ಇಬ್ಬರ ರುಜುವೂ ಹನ್ನೊಂದು ಕಡೆ ಬಿದ್ದಿತ್ತು.

ಕಳೆದ ಶುಕ್ರವಾರ ನಾನೂ ಜೊತೆಗಿದ್ದೆ, ಕೆಳಗಿನವರನ್ನು ಎಬ್ಬಿಸಿ ಮೇಲಕ್ಕೆ ಕರೆದುಕೊಂಡೇ ಹೋದಳು. ಒಂದೇ ಕಟ್ಟಡದಲ್ಲಿದ್ದು ಆರು ವರ್ಷಕ್ಕೆ ಅವರು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲಂತೆ. ಕೊಳ್ಳುವವರೂ ಬಂದಿದ್ದರು, ಆಸ್ಪತ್ರೆಯ ನರ್ಸಮ್ಮ ಮತ್ತು ಅವಳ ಗಂಡ. ಅವರಿಗೂ ಕಾದು ಕಾದು ಸಾಕಾಗಿತ್ತು. ಇವಳು ಸರ್ವೆಯ ಕಾಗದ ಇಟ್ಟಳು, ನಾಲ್ಕು ಗೋಡೆಯ ಲೆಕ್ಕ ಹೇಳಿದಳು, ಪುಸ್ತಕ ತೆರೆದು ಯಾವ ಸಂದೇಹ ಯಾವ ದಿನ ತೀರಿತು ಎಂದು ಓದಿದಳು. ಒಂದೇ-ಒಂದು ವಕೀಲರು ಕನ್ನಡಕ ತೆಗೆದು, ಮತ್ತೆ ಹಾಕಿ, ದೂರ ಹಿಡಿದು ಓದುತ್ತಿದ್ದರು. "ಸರ್, ನಿಮ್ಮ ನಂಬರು ಬದಲಾಗಿದೆ, ಒಂದ್ಸಲ ಅಂಗಡಿಗೆ ಬನ್ನಿ" ಎಂದುಬಿಟ್ಟಳು ಮಹಾರಾಯ್ತಿ. ಎಲ್ಲ ನೋಡಿ ಮುಗಿಸಿ ಅವರು ಅಭ್ಯಾಸಬಲದಿಂದ, "ಇನ್ನು ಒಂದೇ ಒಂದು..." ಎಂದು ಬಾಯಿ ತೆರೆದರು. ಅವಳು ಪೆನ್ನಿನ ಮುಚ್ಚಳ ತೆಗೆದಳು. "ಹೇಳಿ ಸರ್. ಇದೇ ಕೊನೇದು ಅಂತ ಸೇರಿಸಿ ಬರ್ಕೋತೀನಿ, ರುಜು ಹಾಕಿಬಿಡಿ." ಮೊದಲು ನಕ್ಕಿದ್ದು ನರ್ಸಮ್ಮ. ಆಮೇಲೆ ನಮ್ಮ ವಕೀಲರು. ಒಂದೇ-ಒಂದು ವಕೀಲರು ಫೈಲು ಮುಚ್ಚಿ, ಏನೂ ಇಲ್ಲ ಬಿಡಿ ಎಂದರು.

ಹೊರಡುವಾಗ ಆ ಒಂದೇ-ಒಂದು ವಕೀಲರು ನನ್ನನ್ನು ಕರೆದು, "ನಿಮ್ಮ ಮಗಳು ಏನು ಓದಿದ್ದಾರೆ?" ಎಂದು ಕೇಳಿದರು. ಸೊಸೆ ಎಂದು ತಿದ್ದಬಹುದಿತ್ತು, ತಿದ್ದಲಿಲ್ಲ. ನನಗೆ ಎಷ್ಟು ಹೆಮ್ಮೆಯಾಯಿತೆಂದು ನಿನಗೆ ಹೇಗೆ ಬರೆಯಲಿ? ನೀನು ಮೊದಲ ಸಲ ಸಂಬಳ ತಂದಾಗಲೂ ಇಷ್ಟು ಆಗಿರಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಅವಳ ಕಾಲ ಎಂದೋ ಬರಬೇಕಿತ್ತು, ನಾವಿಬ್ಬರೂ ಅಡ್ಡ ನಿಂತಿದ್ದೆವು. ಇದನ್ನು ಅವಳ ಎದುರಿಗೂ ಹೇಳಿದೆ. ಅವಳು, ಸಾರಿಗೆ ಉಪ್ಪು ಹಾಕಿದ್ದೀರಾ ಅತ್ತೆ ಎಂದು ಮಾತು ತಿರುಗಿಸಿದಳು, ಆದರೆ ಸಂಜೆಯೆಲ್ಲ ಗುನುಗುತ್ತಿದ್ದಳು.

ಮೈ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆಯವರೆಲ್ಲರನ್ನೂ ಕೇಳಿದೆನೆಂದು ಹೇಳು. ಮಗಳು ನಿನಗೆ ಬಿದ್ದ ಹಲ್ಲನ್ನೇ ಕಳಿಸುತ್ತೇನೆಂದು ಹಟ ಹಿಡಿದಿದ್ದಳು, ತಪ್ಪಿಸಿದ್ದೇನೆ.

ನಿನ್ನ ಕ್ಷೇಮವನ್ನೇ ಬಯಸುವ
ಅಮ್ಮ

ಮರೆತಿದ್ದೆ: ಅಂಚೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಹೊಸ ಮನೆಯ ಪತ್ರ ಯಾರ ಹೆಸರಿಗೆ ಎಂದು ನಮ್ಮ ವಕೀಲರು ಕೇಳಿದರು, ಉತ್ತರಕ್ಕೂ ಕಾಯದೆ ನಿನ್ನ ಹೆಸರು ಬರೆಯಲು ಹೊರಟರು. ನಾನು ತಡೆದು ಸೊಸೆಯ ಹೆಸರು ಹೇಳಿದೆ, ಅವಳೊಬ್ಬಳದೇ. ಅವಳಿಗೆ ತಿಳಿಸಿಲ್ಲ, ತಿಳಿದರೆ ಬೇಡ ಎನ್ನುತ್ತಾಳೆ. ಹಳೆಯ ಮನೆಯ ಹಣದಲ್ಲಿ ನಿನಗೂ ಅರ್ಧ ಪಾಲಿರುವುದರಿಂದ ನಿನ್ನ ಒಪ್ಪಿಗೆ ಬೇಕಂತೆ, ಆ ಅಧಿಕಾರಪತ್ರ ಮಾರಾಟಕ್ಕಷ್ಟೇ. ಕಾಗದ ಇದರೊಳಗೇ ಇದೆ. ಪೆನ್ಸಿಲ್ ಗುರುತಿರುವಲ್ಲಿ ಸಹಿ ಹಾಕಿ, ಇಬ್ಬರ ಸಾಕ್ಷಿ ಹಾಕಿಸಿ, ಬಂದರಿನಿಂದಲೇ ಕಳಿಸು. ಸೆಪ್ಟೆಂಬರ್ ಇಪ್ಪತ್ತರೊಳಗೆ ನನ್ನ ಕೈ ಸೇರಬೇಕು. ಮನಸ್ಸಾಗದಿದ್ದರೆ ಬಲವಂತವಿಲ್ಲ. ನನ್ನ ಅರ್ಧವನ್ನು ಹೇಗೂ ಅವಳ ಹೆಸರಿಗೆ ಬರೆಯುತ್ತಿದ್ದೇನೆ, ಮುಂದಿನ ಕೋಣೆ ಆ ಅರ್ಧದಲ್ಲೇ ಬರಬೇಕೆಂದು ಹೇಳಿಯಾಗಿದೆ. ಹಿಂದಿನ ಅಡುಗೆಕೋಣೆ ಬೇಕಾದರೆ ನೀನು ಇಟ್ಟುಕೋ.